ಟಿಕೆಟ್‌ನಲ್ಲಿ ಒಂದೂರು, ಹಡಗು ನಿಲ್ಲೋದು ಇನ್ನೊಂದು ಕಡೆ: ಕ್ರೂಸ್‌ನಿಂದ ಇಳಿದು ನಡೆಯೋ ಮುಂಚೆ ತಿಳ್ಕೊಳ್ಳಿ

ಈ ವಾರದ ಸಂಚಿಕೆಯ ಬರಹ ರೂಪ. ಓದೋಕೆ ಸುಲಭವಾಗಲಿ ಅಂತ ಮಾತನ್ನು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.

00:00 | ಶ್ರೀಗಂಧದ ಕಾವಲ್‌ನಿಂದ ಬಂದ ಪ್ರಶ್ನೆ

ಈ ಸಲದ ಪ್ರಶ್ನೆ ಹಡಗಿನ ಬಗ್ಗೆ. ಆದರೆ ಬಂದಿರೋದು ಕರಾವಳಿಯಿಂದಲ್ಲ, ಸಮುದ್ರಕ್ಕೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ದೂರ ಇರೋ ಶ್ರೀಗಂಧದ ಕಾವಲ್‌ನಿಂದ. ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಅಪ್ಪ, ಅಮ್ಮನನ್ನು ಕರ್ಕೊಂಡು ಸಿಂಗಪುರದಿಂದ ಕ್ರೂಸ್ ಹತ್ತುತ್ತಿದ್ದಾರೆ. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಮತ್ತೆ ಸಿಂಗಪುರ. ಎರಡೂ ದ್ವೀಪಗಳೇ. ಬೆಂಗಳೂರಿನ ಟ್ರಾವೆಲ್ ಏಜೆಂಟರ ಹತ್ತಿರ ತುಂಬಾ ಓಡೋ ಪ್ಯಾಕೇಜು ಇದು.

ಅವರು ಕೇಳಿರೋದು ಇಷ್ಟು: "ಅಣ್ಣಾ, ಹಡಗಿನವರ ಟೂರ್‌ಗೆ ಒಬ್ಬೊಬ್ಬರಿಗೂ ಬೇರೆ ದುಡ್ಡು ಕೊಡ್ಬೇಕಂತೆ. ಇಳಿದು ನಾವೇ ನಡ್ಕೊಂಡು ಊರು ನೋಡೋಕಾಗಲ್ವಾ? ಅಪ್ಪಂಗೆ ಮಂಡಿ ನೋವು, ಎರಡು ಕಿಲೋಮೀಟರ್ ಮೇಲೆ ಕಷ್ಟ. ಲೇಟಾಗಿ ಹಡಗು ಬಿಟ್ಟು ಹೋದ್ರೆ ಏನ್ ಗತಿ?"

ಚಿಕ್ಕ ಉತ್ತರ ಹೇಳಿಬಿಡ್ತೀನಿ. ಪೆನಾಂಗ್‌ನಲ್ಲಿ ಆಗುತ್ತೆ, ಆರಾಮಾಗಿ. ಫುಕೆಟ್‌ನಲ್ಲಿ ಎಲ್ಲಿ ಇಳಿಸ್ತಾರೆ ಅನ್ನೋದರ ಮೇಲೆ ಹೋಗುತ್ತೆ. ಹಡಗು ಬಿಟ್ಟು ಹೋಗೋ ಭಯ ಇದೆಯಲ್ಲ, ಅದು ನಿಜವಾದ ಭಯ. ಅದಕ್ಕೂ ದಾರಿ ಇದೆ, ಕೊನೆಯಲ್ಲಿ ಹೇಳ್ತೀನಿ.

ಪಕ್ಕಪಕ್ಕದ ಎರಡು ದ್ವೀಪಕ್ಕೆ ಎರಡು ಉತ್ತರ ಯಾಕೆ? ಅದು ಗೊತ್ತಾದ್ರೆ ಜಗತ್ತಿನ ಯಾವ ಬಂದರಿಗೆ ಹೋದರೂ ನೀವೇ ಲೆಕ್ಕ ಹಾಕಬಹುದು. ಅರ್ಥ ಮಾಡ್ಕೊಳ್ಳೋಕೆ ಮೊದಲು ನಮ್ಮದೇ ಮಂಗಳೂರಿಗೆ ಹೋಗೋಣ.

02:40 | "ಕೆಂಗೇರಿಯಲ್ಲಿ ಸಿಗೋಣ" ಅಂದ್ರೆ ಎಲ್ಲಿ?

ಅದಕ್ಕೂ ಮುಂಚೆ ಒಂದು ನಿಮಿಷ. ಯಾರಾದ್ರೂ ಫೋನ್ ಮಾಡಿ "ಕೆಂಗೇರಿಯಲ್ಲಿ ಸಿಗೋಣ" ಅಂತಾರೆ. ಎಲ್ಲಿ ಇಳೀತೀರಿ? ಪರ್ಪಲ್ ಲೈನ್‌ನಲ್ಲಿ ಕೆಂಗೇರಿ ಬಸ್ ಟರ್ಮಿನಲ್ ಅಂತ ಒಂದು ಸ್ಟೇಷನ್, ಬರೀ ಕೆಂಗೇರಿ ಅಂತ ಇನ್ನೊಂದು. ರೈಲ್ವೆ ಸ್ಟೇಷನ್ ಬೇರೆ. ಉಪನಗರ ಬೇರೆ. ಮಂಗಳೂರಿಗೆ ರೈಲಲ್ಲಿ ಹೋದವರಿಗೂ ಗೊತ್ತಿರುತ್ತೆ. ಮಂಗಳೂರು ಸೆಂಟ್ರಲ್ ಒಂದು, ಮಂಗಳೂರು ಜಂಕ್ಷನ್ ಇನ್ನೊಂದು.

ಹಡಗಿನ ಟಿಕೆಟ್ಟೂ ಹೀಗೇ. ಅದರಲ್ಲಿ ಬರೆದಿರೋದು ಊರಿನ ಹೆಸರು, ನಿಮ್ಮ ಕಾಲು ನೆಲ ಮುಟ್ಟೋ ಜಾಗದ ಹೆಸರಲ್ಲ. "ಗೋವಾ" ಅಂತ ಇರುತ್ತೆ, ಹಡಗು ನಿಲ್ಲೋದು ವಾಸ್ಕೋ ಪಕ್ಕದ ಮುರಗಾಂವ್‌ನಲ್ಲಿ. ಪಣಜಿ ಅಲ್ಲಿಂದ ಸುಮಾರು 30 ಕಿ.ಮೀ. ಹಾಗಾಗಿ ಬುಕ್ ಮಾಡೋವಾಗ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಊರು" ಅಲ್ಲ, "ಆ ಊರಲ್ಲಿ ಯಾವ ಧಕ್ಕೆ" ಅನ್ನೋದು. ಹಡಗು, ದೋಣಿ ಬಂದು ತಾಗಿ ನಿಲ್ಲೋ ಕಟ್ಟೆಗೆ ನಮ್ಮ ಕರಾವಳಿಯವರು ಹೇಳೋದು ಧಕ್ಕೆ ಅಂತ. ದೊಡ್ಡ ಬಂದರುಗಳಲ್ಲಿ ಅದನ್ನೇ ನಂಬರ್ ಹಾಕಿ ಬರ್ತ್ ಅಂತಾರೆ.

04:30 | ಪಣಂಬೂರಿನ ಪಾಠ

ಮಂಗಳೂರಿಗೆ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ ಅನ್ನೋದು ಬೆಂಗಳೂರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮಳೆಗಾಲ ಮುಗಿದ ಮೇಲೆ, ಚಳಿಗಾಲದ ತಿಂಗಳುಗಳಲ್ಲಿ ಬರ್ತವೆ. ನಾಟಿಕಾ, ರಿವಿಯೇರಾ, ಯುರೋಪಾ 2 ತರದ ಹಡಗುಗಳು ಬಂದು ಹೋಗಿವೆ. ಸಾಮಾನ್ಯವಾಗಿ ಮುಂಬೈ ಅಥವಾ ಮುರಗಾಂವ್ ಕಡೆಯಿಂದ ಬೆಳಿಗ್ಗೆ ಬಂದು, ಸಂಜೆ ಕೊಚ್ಚಿ ಕಡೆ ಹೊರಟುಬಿಡ್ತವೆ. ಇಳಿದವರಿಗೆ ಚೆಂಡೆ, ಯಕ್ಷಗಾನದ ವೇಷ, ಎಲ್ಲ ಸ್ವಾಗತ ಇರುತ್ತೆ.

ಆದರೆ ಅವರು ಇಳಿಯೋದು ಮಂಗಳೂರು ಪೇಟೆಯಲ್ಲಲ್ಲ, ಪಣಂಬೂರಿನಲ್ಲಿ. ಪೇಟೆಯಿಂದ ಸುಮಾರು 10 ಕಿ.ಮೀ. ಉತ್ತರಕ್ಕೆ, ನವ ಮಂಗಳೂರು ಬಂದರು. ಮೆಜೆಸ್ಟಿಕ್‌ನಿಂದ ಶ್ರೀಗಂಧದ ಕಾವಲ್ ಎಷ್ಟು ದೂರವೋ ಹೆಚ್ಚುಕಮ್ಮಿ ಅಷ್ಟು. ಸುತ್ತ ಏನಿದೆ? ಗೊಬ್ಬರದ ಕಾರ್ಖಾನೆ, ಬೈಕಂಪಾಡಿ ಕೈಗಾರಿಕಾ ಪ್ರದೇಶ, ಹೆದ್ದಾರಿ 66ರಲ್ಲಿ ಸಾಲು ಸಾಲು ಟ್ಯಾಂಕರು. ಬಂದರಿನ ಒಳಗಡೆ ಕ್ರೇನು, ಲಾರಿ, ಕಲ್ಲಿದ್ದಲು, ಕಂಟೇನರು. ಅಲ್ಲಿ ಪ್ರಯಾಣಿಕರನ್ನ ನಡೆಯೋಕೆ ಬಿಡಲ್ಲ. ಬಸ್ಸಲ್ಲೋ ಟ್ಯಾಕ್ಸಿಯಲ್ಲೋ ಕೂರಿಸಿ ಹೊರಗೆ ಕಳಿಸ್ತಾರೆ.

ಬಸ್ಸು ಹೋಗೋ ಜಾಗಗಳೂ ಹೆಚ್ಚುಕಮ್ಮಿ ಗೊತ್ತಿರೋವೇ. ಸೇಂಟ್ ಅಲೋಶಿಯಸ್ ಚಾಪೆಲ್, ಅಂದ್ರೆ 1899ರಿಂದ 1901ರ ನಡುವೆ ಇಟಲಿಯ ಆಂತೋನಿಯೊ ಮೊಸ್ಕೇನಿ ಗೋಡೆ, ಚಾವಣಿ ತುಂಬಾ ಚಿತ್ರ ಬರೆದ ಜಾಗ. ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನ. ಒಂದು ಗೋಡಂಬಿ ಕಾರ್ಖಾನೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು. ಕಾರ್ಕಳದ ಗೊಮ್ಮಟ, 1432ರದ್ದು. ಎಲ್ಲವೂ ನೋಡಲೇಬೇಕಾದ ಜಾಗಗಳೇ. ಆದರೆ ಒಂದೂ ನಡೆದು ಹೋಗೋ ದೂರದಲ್ಲಿಲ್ಲ.

ಬಂದರನ್ನ ಅಷ್ಟು ದೂರ ಯಾಕೆ ಕಟ್ಟಿದ್ರು? ಇದೇ ಇವತ್ತಿನ ಮುಖ್ಯ ವಿಷಯ.

ಮಂಗಳೂರಿಗೆ ಹಳೇ ಬಂದರು ಒಂದಿದೆ. ಊರವರು ಈಗಲೂ ಆ ಜಾಗವನ್ನ 'ಬಂದರು' ಅಂತಲೇ ಕರೀತಾರೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ನೇತ್ರಾವತಿ, ಗುರುಪುರ ಎರಡೂ ನದಿ ಸೇರಿ ಸಮುದ್ರಕ್ಕೆ ಬೀಳೋ ಅಳಿವೆ ಬಾಗಿಲ ಹತ್ತಿರ. ಗಾಳಿ, ಅಲೆಯಿಂದ ರಕ್ಷಣೆ ಸಿಗೋ ಇಂಥ ಜಾಗದಲ್ಲೇ ಹಳೇ ಊರುಗಳು ಬೆಳೆದಿರೋದು. ಮಂಜಿಗಳಿಗೆ, ಮೀನು ದೋಣಿಗಳಿಗೆ ಅದು ಸಾಕಿತ್ತು. ಆದರೆ ನದಿ ಹೂಳು ತರುತ್ತೆ, ಅಳಿವೆಯಲ್ಲಿ ಮರಳು ತುಂಬುತ್ತೆ, ಆಳ ಕಡಿಮೆ. ದೊಡ್ಡ ಕ್ರೂಸ್ ಹಡಗಿನ ತಳ ನೀರಿನೊಳಗೆ ಸುಮಾರು 8 ಮೀಟರ್ ಇಳಿದಿರುತ್ತೆ. ಅದಿರು, ತೈಲ ತುಂಬಿದ ಹಡಗುಗಳದ್ದು ಇನ್ನೂ ಹೆಚ್ಚು. ಅವು ಅಲ್ಲಿ ಒಳಗೆ ಬರೋಕಾಗಲ್ಲ.

ಹಾಗಾಗಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಸಮುದ್ರದಿಂದ ಕಾಲುವೆ ಮಾಡಿ ಹೊಸ ಬಂದರು ಕಟ್ಟಿದ್ರು. 1974ರ ಮೇ 4ರಂದು ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ್ರು. ಅಲ್ಲಿಂದ ಮುಂದೆ ದೊಡ್ಡ ಹಡಗುಗಳೆಲ್ಲ ಪಣಂಬೂರಿಗೆ, ಮೀನು ದೋಣಿ ಮತ್ತು ಚಿಕ್ಕ ಹಡಗು ಹಳೇ ಬಂದರಿಗೆ.

ಇದನ್ನ ನೆನಪಿಟ್ಟುಕೊಳ್ಳಿ. ಹಳೇ ಊರು ಇರೋ ಕಡೆ ಎಷ್ಟೋ ಸಲ ಆಳ ಇರಲ್ಲ. ಆಳ ಇರೋ ಕಡೆ ಊರು ಇರಲ್ಲ. ಊರೂ ಆಳವೂ ಒಂದೇ ಕಡೆ ಸಿಕ್ಕ ಬಂದರು ಇದ್ದರೆ, ಅಲ್ಲಿ ನೀವು ಇಳಿದ ಕೂಡಲೇ ನಡೆಯಬಹುದು. ಪೆನಾಂಗ್ ಅಂಥದ್ದು.

09:10 | ಇಳಿಸೋ ರೀತಿ ಮೂರು

ಲೋಕದ ಯಾವ ಕ್ರೂಸ್ ಬಂದರನ್ನ ತಗೊಂಡ್ರೂ ಈ ಮೂರರಲ್ಲಿ ಒಂದಾಗಿರುತ್ತೆ.

ಒಂದು, ಊರ ಬಾಗಿಲಲ್ಲೇ ಧಕ್ಕೆ. ಗೇಟ್ ದಾಟಿದ್ರೆ ಪೇಟೆ.

ಎರಡು, ಪಣಂಬೂರಿನ ತರ ಸರಕಿನ ಬಂದರು. ಗೇಟ್‌ವರೆಗೆ ಬಸ್ಸು, ಆಮೇಲೆ ಊರಿಗೆ ಟ್ಯಾಕ್ಸಿ.

ಮೂರು, ಧಕ್ಕೆಯೇ ಇಲ್ಲ. ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತೆ, ನಿಮ್ಮನ್ನ ಚಿಕ್ಕ ದೋಣಿಗೆ ಇಳಿಸಿ ದಡಕ್ಕೆ ಬಿಡ್ತಾರೆ. ಕ್ರೂಸ್‌ನವರ ಭಾಷೆಯಲ್ಲಿ ಇದಕ್ಕೆ ಟೆಂಡರ್ ಅಂತ ಹೆಸರು. ಸರ್ಕಾರಿ ಟೆಂಡರ್‌ಗೂ ಇದಕ್ಕೂ ಸಂಬಂಧ ಇಲ್ಲ.

ಈ ಮೂರನೇದು ಹೇಗಿರುತ್ತೆ ಅಂತ ನೋಡೋಕೆ ಉಡುಪಿಯ ಮಲ್ಪೆ ಸಾಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋವಾಗ ದೊಡ್ಡ ಬೋಟು ದ್ವೀಪದ ಹತ್ತಿರ ನಿಲ್ಲುತ್ತೆ, ಅಲ್ಲಿಂದ ಚಿಕ್ಕ ದೋಣಿಗೆ ದಾಟಿ ಮರಳಿಗೆ ಇಳೀಬೇಕು. ಅಲೆ ಜೋರಿದ್ರೆ ಆ ದಾಟೋ ಕ್ಷಣದಲ್ಲಿ ಕೈ ಹಿಡಿಯೋರು ಬೇಕು. ಮಳೆಗಾಲದಲ್ಲಂತೂ ಬೋಟೇ ಬಿಡಲ್ಲ. ಕ್ರೂಸ್‌ನಲ್ಲೂ ಅಷ್ಟೇ. ಗಾಳಿ ಜೋರಾದ್ರೆ ಕ್ಯಾಪ್ಟನ್ ಆ ಬಂದರನ್ನೇ ಬಿಟ್ಟು ಮುಂದೆ ಹೋಗಬಹುದು. ಮಂಡಿ ನೋವಿನ ಹಿರಿಯರು ಜೊತೆಗಿದ್ರೆ, ನಡೆಯೋ ದೂರಕ್ಕಿಂತ ಮುಂಚೆ ವಿಚಾರಿಸಬೇಕಾಗಿರೋದು ಇದನ್ನ.

ನಮ್ಮ ದೇಶದ ಕ್ರೂಸ್‌ನಲ್ಲಿ ಟೆಂಡರ್‌ಗೆ ದೊಡ್ಡ ಉದಾಹರಣೆ ಲಕ್ಷದ್ವೀಪ. ಮುಂಬೈಯಿಂದ ಕ್ರೂಸ್‌ನಲ್ಲಿ ಅಗತ್ತಿ ಕಡೆ ಹೋದವರು ಇದನ್ನ ನೋಡಿರ್ತಾರೆ. ದ್ವೀಪದ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ತಿಳಿನೀರು. ದೊಡ್ಡ ಹಡಗು ಹೊರಗೇ ನಿಲ್ಲಬೇಕು. ಆದರೆ ಒಂದು ಸಲ ದಡ ಮುಟ್ಟಿದ್ರೆ, ನಡಿಗೆಗೆ ಅಂಥ ಜಾಗ ಇನ್ನೊಂದಿಲ್ಲ. ಅಗತ್ತಿ ಉದ್ದ ಸುಮಾರು 7 ಕಿ.ಮೀ., ಅಗಲ ಜಾಸ್ತಿ ಇರೋ ಕಡೆಯೂ ಒಂದು ಕಿ.ಮೀ. ಆಸುಪಾಸು. ಒಂದು ಕಡೆ ಲಗೂನ್, ಇನ್ನೊಂದು ಕಡೆ ತೆರೆದ ಸಮುದ್ರ, ಕಾಲು ಗಂಟೆಯಲ್ಲಿ ಈ ದಡದಿಂದ ಆ ದಡಕ್ಕೆ. ಭಾರತದವರಿಗೂ ಅಲ್ಲಿಗೆ ಪ್ರವೇಶ ಪರವಾನಗಿ ಬೇಕು ಅನ್ನೋದನ್ನ ಮಾತ್ರ ಮರೀಬೇಡಿ.

ಇಲ್ಲೊಂದು ವಿಷಯ ಹೇಳ್ಬೇಕು. ಲಕ್ಷದ್ವೀಪ ಅಂದ್ರೆ ಕೇರಳದ ಪಕ್ಕದ್ದು ಅಂತಲೇ ನಾವು ಅಂದ್ಕೊಳ್ತೀವಿ. ಆದರೆ ಅದರ ಉತ್ತರದ ಗುಂಪು, ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಆಡಳಿತ ನಡೀತಿದ್ದದ್ದು ಮಂಗಳೂರಿನಿಂದ. ಕರ್ನಾಟಕ ಏಕೀಕರಣದ ದಿನವೇ ಅವು ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಮಂಗಳೂರು ಹಳೇ ಬಂದರಿನಿಂದ ಆ ದ್ವೀಪಗಳಿಗೆ ತರಕಾರಿ, ದಿನಸಿ, ಕಟ್ಟಡದ ಸಾಮಾನು ಹೋಗೋದು ಆಮೇಲೂ ನಿಲ್ಲಲಿಲ್ಲ.

ಇನ್ನು ಕೊಚ್ಚಿ. ಇದು ನೋಡೋಕೆ ಒಂದನೇ ತರ, ನಿಜದಲ್ಲಿ ಎರಡನೇ ತರ. ಹಡಗು ನಿಲ್ಲೋದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅದು ಪ್ರಕೃತಿ ಕೊಟ್ಟ ದ್ವೀಪ ಅಲ್ಲ. ರಾಬರ್ಟ್ ಬ್ರಿಸ್ಟೋ ಅನ್ನೋ ಎಂಜಿನಿಯರ್ 1920ರಲ್ಲಿ ಕೊಚ್ಚಿಗೆ ಬಂದ್ರು. ಅಳಿವೆಗೆ ಅಡ್ಡ ಇದ್ದ ಮರಳ ದಿಬ್ಬ ಕಡಿದು ಕಾಲುವೆ ಮಾಡಿಸಿದ್ರು, ತೆಗೆದ ಹೂಳನ್ನೇ ತುಂಬಿ ದ್ವೀಪ ಮಾಡಿದ್ರು. 1928ರ ಮೇ 26ರಂದು ಪದ್ಮ ಅನ್ನೋ ಹಡಗು ಒಳಗಿನ ಬಂದರಿಗೆ ಬಂತು. ಊರಿನ ಪಕ್ಕದಲ್ಲೇ ಆಳ ತೋಡಿ ತಂದ ಕಥೆ ಇದು.

ಆದರೂ ಚೀನೀ ಬಲೆ, ಹಳೇ ಚರ್ಚು ನೋಡ್ಬೇಕು ಅನ್ನೋರಿಗೆ ಫೋರ್ಟ್ ಕೊಚ್ಚಿ ಇರೋದು ನೀರಿನ ಆಚೆ. ಕ್ರೂಸ್ ಟರ್ಮಿನಲ್ ದ್ವೀಪದ ಪೂರ್ವ ಬದಿಯ ಎರ್ನಾಕುಲಂ ಧಕ್ಕೆಯಲ್ಲಿದೆ, ಮಟ್ಟಾಂಚೇರಿ ಪಶ್ಚಿಮದ ಆಚೆ ದಡದಲ್ಲಿ. ಮ್ಯಾಪಲ್ಲಿ ಕೈಗೆ ಸಿಗೋ ಹಾಗೆ ಕಾಣುತ್ತೆ, ರಸ್ತೆ ಮಾತ್ರ ಸೇತುವೆ ಸುತ್ತಿ ಹೋಗುತ್ತೆ. ಆಟೋ ಅಥವಾ ಬೋಟು ಹಿಡೀರಿ, ಆ ದಡದಲ್ಲಿ ಇಳಿದ ಮೇಲೆ ನಡೀರಿ. ಮಟ್ಟಾಂಚೇರಿ ಅರಮನೆ, ಯಹೂದಿ ಸಿನಗಾಗ್, ಮಸಾಲೆ ಅಂಗಡಿ ಬೀದಿ ಎಲ್ಲ ಒಂದಕ್ಕೊಂದು ಹತ್ತಿರ.

13:20 | ಫೋನಲ್ಲೇ ಧಕ್ಕೆ ಹುಡುಕೋದು ಹೇಗೆ?

ಈಗ ಕೆಲಸದ ಮಾತು. ಅರ್ಧ ಗಂಟೆ ಸಾಕು.

ಮೊದಲು, ನಿಮ್ಮ ಹಡಗಿನ ಹೆಸರು ಮತ್ತು ತಾರೀಖು ಇಟ್ಕೊಂಡು ಕ್ರೂಸ್‌ಮ್ಯಾಪರ್ ತರದ ತಾಣದಲ್ಲಿ ಆ ಬಂದರಿನ ಪುಟ ತೆಗೀರಿ. ಆ ದಿನ ಇನ್ನೆಷ್ಟು ಹಡಗು ಬರ್ತಿವೆ ಅಂತಲೂ ಕಾಣುತ್ತೆ. ಇದು ಮುಖ್ಯ. ಚಿಕ್ಕ ಊರಿಗೆ ಒಂದೇ ದಿನ ಮೂರು ಹಡಗು ಬಂದ್ರೆ, ಒಳ್ಳೇ ಧಕ್ಕೆ ಯಾರಿಗೋ ಹೋಗಿ ನಿಮ್ಮದು ಲಂಗರು ಹಾಕಬೇಕಾಗಬಹುದು.

ಎರಡನೇದು, ಹಡಗಿನ ಕಂಪನಿಯ ವೇಳಾಪಟ್ಟಿಯಲ್ಲಿ ಬಂದರಿನ ಹೆಸರ ಪಕ್ಕ ಏನಿದೆ ನೋಡಿ. ಡಾಕ್ಡ್ ಅಂತ ಇದ್ರೆ ಧಕ್ಕೆಗೆ ತಾಗಿ ನಿಲ್ಲುತ್ತೆ. ಟೆಂಡರ್ಡ್ ಅಥವಾ ಆ್ಯಂಕರ್ ಅಂತ ಇದ್ರೆ ದೋಣಿ.

ಮೂರನೇದು, ಬಂದರಿನವರ ಸ್ವಂತ ವೆಬ್‌ಸೈಟ್. ನವ ಮಂಗಳೂರು ಬಂದರೂ ಸೇರಿ ನಮ್ಮ ಪ್ರಮುಖ ಬಂದರುಗಳು ಯಾವ ಬರ್ತ್‌ನಲ್ಲಿ ಯಾವ ಹಡಗು, ಯಾವುದು ಬರೋದಿದೆ ಅಂತ ಪಟ್ಟಿ ಹಾಕ್ತವೆ.

ನಾಲ್ಕನೇದು ನನಗೆ ತುಂಬಾ ಇಷ್ಟ. ಮರೀನ್‌ಟ್ರಾಫಿಕ್, ವೆಸಲ್‌ಫೈಂಡರ್ ತರದ ಆ್ಯಪ್. ಪ್ರಯಾಣಿಕರ ದೊಡ್ಡ ಹಡಗುಗಳೆಲ್ಲ ಎಐಎಸ್ ಅನ್ನೋ ಯಂತ್ರ ಇಟ್ಕೊಂಡಿರಲೇಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಹೆಸರು, ವೇಗ, ದಿಕ್ಕು, ಎಲ್ಲಿದ್ದೀನಿ ಅನ್ನೋದನ್ನ ಅದು ರೇಡಿಯೋದಲ್ಲಿ ಹೇಳ್ತಾನೇ ಇರುತ್ತೆ. ದಡದಲ್ಲಿರೋ ರಿಸೀವರ್‌ಗಳು ಅದನ್ನ ಹಿಡಿದು ಮ್ಯಾಪ್‌ಗೆ ಹಾಕ್ತವೆ. ನಿಮ್ಮ ಪ್ರಯಾಣಕ್ಕೆ ಎರಡು ವಾರ ಮುಂಚೆ ಅದೇ ಹಡಗು ಅದೇ ಬಂದರಿಗೆ ಹೋಗಿರುತ್ತಲ್ಲ? ಆ ದಿನ ಬೆಳಿಗ್ಗೆ ಆ್ಯಪ್ ತೆರೆದು ಎಲ್ಲಿ ನಿಂತಿದೆ ಅಂತ ಕಣ್ಣಾರೆ ನೋಡಿ. ಏಜೆಂಟ್ ಹೇಳಿದ್ದಕ್ಕಿಂತ ಇದು ಗಟ್ಟಿ.

ಐದನೇದು, ಆ ಜಾಗವನ್ನ ಗೂಗಲ್ ಮ್ಯಾಪ್ಸ್‌ನಲ್ಲಿ ಸ್ಯಾಟಲೈಟ್ ನೋಟದಲ್ಲಿ ತೆಗೀರಿ. ಸುತ್ತ ಕಂಟೇನರ್ ರಾಶಿ ಕಂಡ್ರೆ ಪಣಂಬೂರಿನ ತರ. ಹೆಂಚಿನ ಮನೆ, ಅಂಗಡಿ ಬೀದಿ ಕಂಡ್ರೆ ನಡೀಬಹುದು. ಟರ್ಮಿನಲ್ ಗೇಟ್‌ನಿಂದ ನೋಡಬೇಕಾದ ಜಾಗಕ್ಕೆ ನಡಿಗೆಯ ದಾರಿ ಹಾಕಿ. ನೇರ ಗೆರೆಯ ದೂರ ನಂಬಬೇಡಿ, ಕೊಚ್ಚಿ ನೆನಪಿರಲಿ. ಆ ಮ್ಯಾಪನ್ನ ಮನೆಯ ವೈಫೈನಲ್ಲೇ ಆಫ್‌ಲೈನ್ ಡೌನ್‌ಲೋಡ್ ಮಾಡಿ.

16:00 | ಪೆನಾಂಗ್: ಗೇಟ್ ದಾಟಿದ್ರೆ ಊರು

ಈಗ ನಮ್ಮ ಕೇಳುಗರ ದಾರಿಗೆ ಬರೋಣ. ಪೆನಾಂಗ್‌ನಲ್ಲಿ ಕ್ರೂಸ್ ನಿಲ್ಲೋದು ಸ್ವೆಟನ್‌ಹ್ಯಾಮ್ ಪಿಯರ್‌ನಲ್ಲಿ. ಅದು ಜಾರ್ಜ್‌ಟೌನ್‌ನ ಅಂಚಲ್ಲೇ ಇದೆ. 1786ರಲ್ಲಿ ಫ್ರಾನ್ಸಿಸ್ ಲೈಟ್ ಬ್ರಿಟಿಷರ ನೆಲೆ ಹಾಕಿದ್ದು ಅದೇ ಮೂಲೆಯಲ್ಲಿ. ದ್ವೀಪಕ್ಕೂ ಎದುರಿನ ನೆಲಕ್ಕೂ ನಡುವಿನ ಜಲಸಂಧಿಯಲ್ಲಿ ಹಡಗಿಗೆ ಬೇಕಾದ ನೀರೂ ಇದೆ, ಗಾಳಿಯಿಂದ ಮರೆಯೂ ಇದೆ. ಊರೂ ಆಳವೂ ಒಂದೇ ಕಡೆ ಅಂದ್ನಲ್ಲ, ಅದು ಇದೇ. ಈ ಹಳೇ ಊರನ್ನ 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸ್ತು.

ಗೇಟ್ ದಾಟಿ ಕೆಲವೇ ನಿಮಿಷದಲ್ಲಿ ಬಿಳಿ ಗಡಿಯಾರ ಗೋಪುರ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ಆದ ನೆನಪಿಗೆ ಅಂತ ಕಟ್ಟಿಸಿದ್ದು, ಎತ್ತರವೂ ವರ್ಷಕ್ಕೊಂದು ಅಡಿಯಂತೆ 60 ಅಡಿ. ಈ ಗೋಪುರವೇ ನಿಮ್ಮ ಗುರುತು. ದಾರಿ ತಪ್ಪಿದ್ರೆ ಯಾರನ್ನಾದ್ರೂ ಗಡಿಯಾರ ಗೋಪುರ ಎಲ್ಲಿ ಅಂತ ಕೇಳಿದ್ರೆ ಹಡಗು ಸಿಗುತ್ತೆ. ಪಕ್ಕದಲ್ಲೇ ಕಾರ್ನ್‌ವಾಲಿಸ್ ಕೋಟೆ.

ಅಲ್ಲಿಂದ ದಕ್ಷಿಣಕ್ಕೆ ಹೋದ್ರೆ ಲಿಟಲ್ ಇಂಡಿಯಾ. ಹಡಗಿಂದ ಇಲ್ಲಿವರೆಗೆ ಒಂದು ಕಿ.ಮೀ. ಆಸುಪಾಸು. ಹೆಚ್ಚುಕಮ್ಮಿ ವಿಜಯನಗರ ಮೆಟ್ರೋ ಸ್ಟೇಷನ್‌ನಿಂದ ಅತ್ತಿಗುಪ್ಪೆವರೆಗೆ ನಡೆದ ಹಾಗೆ. ಹೂವಿನ ಅಂಗಡಿ, ಬಾಳೆಲೆ ಊಟ, ಹಾಡು, ಎಲ್ಲ ಇದೆ. ಕ್ವೀನ್ ಬೀದಿಯಲ್ಲಿ 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ. ಸ್ವಲ್ಪ ಮುಂದೆ, ಭಾರತದಿಂದ ಹೋದ ಮುಸ್ಲಿಂ ವ್ಯಾಪಾರಿಗಳು ಕಟ್ಟಿಸಿದ ಕಪಿತಾನ್ ಕೆಲಿಂಗ್ ಮಸೀದಿ. ಇಲ್ಲಿಯ ಹಳೇ ಅಂಗಡಿಮನೆಗಳ ಮುಂದೆಲ್ಲ ಮಾಡಿನ ಕೆಳಗೆ ಜಗಲಿ ತರದ ನಡೆಯೋ ದಾರಿ ಇದೆ. ಐದಡಿ ದಾರಿ ಅಂತ ಅದರ ಹೆಸರು. ಬಿಸಿಲು, ಮಳೆ ಎರಡಕ್ಕೂ ಅದೇ ಕೊಡೆ. ಆದರೆ ಅಂಗಡಿಗೊಂದು ಮಟ್ಟ, ಮೆಟ್ಟಿಲು ಏರಿಳಿತ ಇರುತ್ತೆ. ಮಂಡಿ ನೋವಿನವರು ಕೆಳಗೆ ನೋಡ್ಕೊಂಡು ನಡೀಬೇಕು.

ಅಪ್ಪನಿಗೆ ಇಷ್ಟು ಸಾಕು. ಊಟ ಮಾಡಿ, ಕೂತು, ಗ್ರ್ಯಾಬ್ ಟ್ಯಾಕ್ಸಿಯಲ್ಲಿ ವಾಪಸ್. ಕಾಲು ಗಟ್ಟಿ ಇರೋರು ಮುಂದೆ ಅರ್ಮೇನಿಯನ್ ಬೀದಿಗೆ ಹೋಗಿ. ಅರ್ನೆಸ್ಟ್ ಝಕರೇವಿಚ್ ಅನ್ನೋ ಕಲಾವಿದ 2012ರಲ್ಲಿ ಬರೆದ, ನಿಜವಾದ ಸೈಕಲ್ ಮೇಲೆ ಕೂತ ಮಕ್ಕಳ ಗೋಡೆಚಿತ್ರ ಅಲ್ಲಿದೆ. ಅಲ್ಲಿಂದ ಸಮುದ್ರದ ಕಡೆ ತಿರುಗಿದ್ರೆ ಚ್ಯೂ ಜೆಟ್ಟಿ. ನೀರಲ್ಲಿ ಕಂಬ ನೆಟ್ಟು ಹಲಗೆ ಹಾಸಿ ಕಟ್ಟಿದ ಚೀನೀ ಕುಲದವರ ಮನೆ ಸಾಲು. ಜನ ಈಗಲೂ ವಾಸ ಇದ್ದಾರೆ, ಮನೆಯೊಳಗೆ ಕ್ಯಾಮೆರಾ ತೂರಿಸಬೇಡಿ. ಅಲ್ಲಿಂದ ಉತ್ತರಕ್ಕೆ, ಸಮುದ್ರ ಬಲಗಡೆ ಇಟ್ಕೊಂಡು ನಡೆದ್ರೆ ಮತ್ತೆ ಗಡಿಯಾರ ಗೋಪುರ. ಪೂರ್ತಿ ಸುತ್ತು ಸುಮಾರು ನಾಲ್ಕು ಕಿ.ಮೀ. ಒಳಗೆ.

18:50 | ಫುಕೆಟ್, ಸಿಂಗಪುರ

ಫುಕೆಟ್‌ನಲ್ಲಿ ಎರಡು ಸಾಧ್ಯತೆ. ಕೆಲವು ಹಡಗು ದ್ವೀಪದ ಆಗ್ನೇಯದ ಆವೋ ಮಖಾಮ್ ಆಳಸಮುದ್ರ ಬಂದರಿಗೆ ಹೋಗ್ತವೆ. ಹಳೇ ಊರು ಅಲ್ಲಿಂದ ಸುಮಾರು 10 ಕಿ.ಮೀ., ನೇರ ಪಣಂಬೂರಿನ ಲೆಕ್ಕ. ದೊಡ್ಡ ಹಡಗುಗಳು ಹೆಚ್ಚಾಗಿ ಪಶ್ಚಿಮದ ಪಟಾಂಗ್ ಎದುರು ಲಂಗರು ಹಾಕಿ ಟೆಂಡರ್‌ನಲ್ಲಿ ಇಳಿಸ್ತವೆ. ಪಟಾಂಗ್‌ನಲ್ಲಿ ಇಳಿದ್ರೆ ಬೀಚು ಕಾಲಡಿಗೆ, ಆದರೆ ಹಳೇ ಊರು ಬೆಟ್ಟದ ಆಚೆ. ಹಾಗಾಗಿ ಅಲ್ಲಿ ಅಪ್ಪ, ಅಮ್ಮನ ಜೊತೆ ಬೀಚ್ ಪಕ್ಕ ಒಂದು ಗಂಟೆ ಇದ್ದು ಬನ್ನಿ, ಇಲ್ಲಾಂದ್ರೆ ದುಡ್ಡು ಕೊಟ್ಟು ಹಡಗಿನ ಟೂರ್ ತಗೊಳ್ಳಿ. ಟೂರ್‌ಗೆ ದುಡ್ಡು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಅನ್ನೋದನ್ನ ಹೀಗೆ ಬಂದರು ನೋಡಿ ತೀರ್ಮಾನ ಮಾಡಿ.

ಹತ್ತೋ ಊರು ಸಿಂಗಪುರದಲ್ಲೂ ಕೆಂಗೇರಿ ಕಥೆಯೇ. ಮರೀನಾ ಬೇ ಕ್ರೂಸ್ ಸೆಂಟರ್ ಒಂದು, ಅದಕ್ಕೆ ಮರೀನಾ ಸೌತ್ ಪಿಯರ್ ಮೆಟ್ರೋ ಹತ್ತಿರ. ಹಾರ್ಬರ್‌ಫ್ರಂಟ್ ಮೆಟ್ರೋಗೆ ತಾಗಿರೋ ಸಿಂಗಪುರ ಕ್ರೂಸ್ ಸೆಂಟರ್ ಇನ್ನೊಂದು. ಟಿಕೆಟ್‌ನಲ್ಲಿ ಯಾವುದಿದೆ ಅಂತ ಎರಡು ಸಲ ಓದಿ. ವಾಪಸ್ ಬಂದಾಗ ಸಿಂಗಪುರಕ್ಕೆ ಎರಡನೇ ಸಲ ಪ್ರವೇಶ ಆಗುತ್ತೆ, ಹಾಗಾಗಿ ವೀಸಾ ಮಲ್ಟಿಪಲ್ ಎಂಟ್ರಿಯದ್ದಾ ಅಂತಲೂ ನೋಡಿ.

20:30 | ಹಡಗು ಕಾಯಲ್ಲ

ಈಗ ಆ ಭಯದ ವಿಷಯ. ಹಡಗಿನವರ ಟೂರ್‌ನಲ್ಲಿ ಹೋದ ಬಸ್ಸು ಲೇಟಾದ್ರೆ ಸಾಮಾನ್ಯವಾಗಿ ಹಡಗು ಕಾಯುತ್ತೆ. ನಾವೇ ಹೋಗಿ ಲೇಟಾದ್ರೆ ಕಾಯಲ್ಲ. ಧಕ್ಕೆಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಪೈಲಟ್ ಬಂದಿರ್ತಾರೆ, ಮುಂದಿನ ಬಂದರಲ್ಲಿ ಸಮಯ ಗೊತ್ತಾಗಿರುತ್ತೆ. ಬಿಟ್ಟು ಹೋದ್ರೆ ಮುಂದಿನ ಬಂದರಿಗೆ ವಿಮಾನದ ಖರ್ಚು ನಿಮ್ಮದು.

ಮೂರು ಕೆಲಸ ಮಾಡಿ. ಒಂದು, ಹಡಗು ಹೊರಡೋ ಸಮಯ ಅಲ್ಲ, ಆಲ್ ಅಬೋರ್ಡ್ ಸಮಯ ಬರ್ಕೊಳ್ಳಿ. ಅದು ಅರ್ಧದಿಂದ ಒಂದು ಗಂಟೆ ಮುಂಚೆ ಇರುತ್ತೆ. ಅದಕ್ಕೂ ಒಂದು ಗಂಟೆ ಮುಂಚೆ ಗೇಟ್‌ನಲ್ಲಿರಿ. ಟೆಂಡರ್ ಆದ್ರೆ ಕೊನೇ ದೋಣಿಯ ಸಮಯ ಬೇರೆ ಕೇಳಿ.

ಎರಡು, ಗಡಿಯಾರ. ಇದು ಫೋನ್ ಇರೋ ನಮ್ಮಂಥವರಿಗೇ ಬೀಳೋ ಬೋನು. ಸಿಂಗಪುರ, ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್ ಒಂದೂವರೆ ಗಂಟೆ ಮುಂದೆ. ಹಡಗು ಸಿಂಗಪುರದ ಸಮಯದಲ್ಲೇ ಉಳಿದು, ನಿಮ್ಮ ಫೋನ್ ಫುಕೆಟ್‌ನ ಟವರ್ ಹಿಡಿದು ತಾನಾಗೇ ಒಂದು ಗಂಟೆ ಹಿಂದೆ ಹೋದ್ರೆ? ಫೋನಲ್ಲಿ ನಾಲ್ಕು, ಹಡಗಲ್ಲಿ ಐದು. ಇಳಿಯೋ ಮುಂಚೆ ಹಡಗಿನ ಸಮಯ ಯಾವುದು ಅಂತ ಕೇಳಿ, ಫೋನಲ್ಲಿ ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ. ಅಪ್ಪನ ಕೈಗಡಿಯಾರ ಇದ್ರೆ ಅದನ್ನೇ ಹಡಗಿನ ಸಮಯಕ್ಕೆ ಇಡಿ.

ಮೂರು, ಹಡಗಿನಲ್ಲಿ ದಿನಾ ಕೊಡೋ ಕಾರ್ಯಕ್ರಮದ ಹಾಳೆ ಅಥವಾ ಆ್ಯಪ್‌ನಲ್ಲಿ ಆ ಬಂದರಿನ ಏಜೆಂಟ್ ನಂಬರ್ ಇರುತ್ತೆ. ಫೋಟೋ ತೆಗೆದು ಮೂರೂ ಜನರ ಫೋನಲ್ಲಿ ಇಟ್ಕೊಳ್ಳಿ. ಹಡಗಿನ ಕಾರ್ಡು, ಪಾಸ್‌ಪೋರ್ಟ್ ಪ್ರತಿ ಜೇಬಲ್ಲಿರಲಿ. ಇನ್ನೊಂದು, ಹಡಗು ಸಮುದ್ರಕ್ಕೆ ಹೋದ ಮೇಲೆ ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ. ಹಡಗಿನ ಉಪಗ್ರಹ ನೆಟ್‌ವರ್ಕ್‌ಗೆ ಸೇರ್ಕೊಂಡ್ರೆ ರೋಮಿಂಗ್ ಬಿಲ್ಲು ಟೂರ್ ದುಡ್ಡಿಗಿಂತ ಜಾಸ್ತಿ ಬರಬಹುದು.

22:40 | ನಡೆದ್ರೆ ಯಾರಿಗೆ ಲಾಭ?

ಕೊನೇ ಮಾತು. ನಡಿಗೆ ಅಂದ್ರೆ ಬರೀ ದುಡ್ಡು ಉಳಿಸೋದಲ್ಲ. ಪೆನಾಂಗ್‌ನಲ್ಲಿ ಹಡಗಿಂದ ಇಳಿದವರು ಹತ್ತು ಹೆಜ್ಜೆಗೊಂದು ಕಡೆ ನಿಲ್ತಾರೆ. ಟೀ ಅಂಗಡಿ, ಹೂವಿನವರು, ಹಳೇ ಪುಸ್ತಕದವರು, ಎಲ್ಲರ ಕೈಗೂ ಸ್ವಲ್ಪ ಸ್ವಲ್ಪ ದುಡ್ಡು ಹೋಗುತ್ತೆ. ಬಸ್ಸಲ್ಲೇ ಹೋಗಿ ಬಸ್ಸಲ್ಲೇ ಬಂದ್ರೆ ಬಸ್ಸು ನಿಂತ ನಾಲ್ಕು ಕಡೆಗೆ ಮಾತ್ರ. ಮಂಗಳೂರಿಗೆ ಹಡಗು ಬಂದ ದಿನ ಹಂಪನಕಟ್ಟೆಯ ಅಂಗಡಿಯವರಿಗೆ, ಬಂದರು ಬೀದಿಯ ಹೋಟೆಲಿನವರಿಗೆ ಎಷ್ಟು ಗೊತ್ತಾಗುತ್ತೆ ಅನ್ನೋದು ಆ 10 ಕಿ.ಮೀ. ಮೇಲೆ ನಿಂತಿದೆ. ಧಕ್ಕೆಯನ್ನ ಊರಿಗೆ ತರೋಕಾಗಲ್ಲ. ಆದರೆ ಬಂದವರನ್ನ ಹಳೇ ಬಂದರಿನ ಬಾಯಿಗೆ ತಂದು ಇಳಿಸಿ, ಎರಡು ಗಂಟೆ ಬಿಟ್ಟುಬಿಟ್ರೆ? ಮಸೀದಿ, ದಿನಸಿ ಮಂಡಿ, ಬೆಂಗ್ರೆಗೆ ಹೋಗೋ ದೋಣಿ, ಮೀನು ಧಕ್ಕೆ, ಎಲ್ಲ ನಡೆದು ನೋಡೋ ದೂರದಲ್ಲಿದೆ.

ಇದನ್ನ ಅಭ್ಯಾಸ ಮಾಡೋಕೆ ಪಾಸ್‌ಪೋರ್ಟ್ ಬೇಕಿಲ್ಲ. ರಾತ್ರಿ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ. ಸ್ಟೇಟ್ ಬ್ಯಾಂಕ್‌ನಿಂದ ಸುರತ್ಕಲ್ ಕಡೆಯ ಸಿಟಿ ಬಸ್ಸಲ್ಲಿ ಪಣಂಬೂರಲ್ಲಿ ಇಳಿದು ಬೀಚಿಗೆ ಹೋಗಿ. ದೂರದಲ್ಲಿ ಲಂಗರು ಹಾಕಿ ಸರದಿ ಕಾಯೋ ಹಡಗು ಕಾಣ್ತವೆ. ಫೋನಲ್ಲಿ ಆ್ಯಪ್ ತೆರೆದು ಯಾವುದು ಯಾವ ಹಡಗು, ಎಲ್ಲಿಂದ ಬಂತು ಅಂತ ಗುರುತು ಹಿಡೀರಿ. ಮಧ್ಯಾಹ್ನ ಹಳೇ ಬಂದರಿಗೆ ಬಂದು ನಡೀರಿ. ಎರಡೂ ಜಾಗ ಒಂದೇ ದಿನ ನೋಡಿದ್ರೆ, ಮುಂದೆ ಯಾವ ದೇಶದ ಮ್ಯಾಪ್ ತೆಗೆದ್ರೂ ಹಡಗು ಎಲ್ಲಿ ನಿಲ್ಲುತ್ತೆ, ಊರು ಎಲ್ಲಿರುತ್ತೆ ಅಂತ ನಿಮ್ಮ ಕಣ್ಣಿಗೇ ಗೊತ್ತಾಗುತ್ತೆ.

ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದ ಒಳಗಿರಲಿ. ಮುಂದಿನ ವಾರ ಸಿಗೋಣ.